ಅಡುಗೆಮನೆಯ ಮಾತು, ಮಹಡಿಯ ಮಾತು: ಎ. ಕೆ. ರಾಮಾನುಜನ್

ಅತ್ತಿಪಟ್ಟು ಕೃಷ್ಣಸ್ವಾಮಿ ರಾಮಾನುಜನ್ ಅಂದರೆ ನಮ್ಮಲ್ಲಿ ಕೆಲವರಿಗೆ ಇಂಗ್ಲಿಷ್ ಪಠ್ಯದಲ್ಲಿ ಬರುವ ಕವಿ. ಇನ್ನು ಕೆಲವರಿಗೆ ವಚನಗಳನ್ನು ಇಂಗ್ಲಿಷಿಗೆ ಕೊಂಡೊಯ್ದವರು. ಕನ್ನಡ ಕಾವ್ಯ ಓದುವವರಿಗೆ ‘ಹೊಕ್ಕುಳಲ್ಲಿ ಹೂವಿಲ್ಲ’ದ ಕವಿ. ಆದರೆ ಅವರು ಜೀವನಪೂರ್ತಿ ಮಾಡಿದ ಉದ್ಯೋಗ ಪಾಠ ಹೇಳುವುದು, ಡಾಕ್ಟರೇಟ್ ಪಡೆದದ್ದು ಭಾಷಾವಿಜ್ಞಾನದಲ್ಲಿ. ಈ ಮಗ್ಗುಲಿನ ರಾಮಾನುಜನ್ ನಮ್ಮಂಥ ಹೊರನಾಡಿನ ಕನ್ನಡ ವಿದ್ಯಾರ್ಥಿಗಳಿಗೆ ಬಹಳ ಹತ್ತಿರದವರು. ಯಾಕೆ ಅನ್ನುವುದು ಅವರ ಜೀವನವನ್ನು ನೋಡುತ್ತ ಹೋದರೆ ತಾನೇ ತಿಳಿಯುತ್ತೆ.

ರಾಮಾನುಜನ್ ಹುಟ್ಟಿದ್ದು 1929ರ ಮಾರ್ಚ್ 16ರಂದು, ಮೈಸೂರಿನಲ್ಲಿ. ತಮಿಳು ಮನೆಮಾತಿನ ಅಯ್ಯಂಗಾರ್ ಮನೆತನ. ತಂದೆ ಕೃಷ್ಣಸ್ವಾಮಿ ಅಯ್ಯಂಗಾರರು ಮೈಸೂರು ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರು. ಅವರು ಖಗೋಳ ವಿಜ್ಞಾನ ಬಲ್ಲವರು, ಜ್ಯೋತಿಷ್ಯವನ್ನೂ ಬಿಟ್ಟವರಲ್ಲ. ಎರಡೂ ಒಂದೇ ತಲೆಯಲ್ಲಿ ಜಗಳವಿಲ್ಲದೆ ಹೇಗೆ ಇರುತ್ತವೆ ಅಂತ ಮಗನಿಗೆ ಆಶ್ಚರ್ಯ. ಆ ಆಶ್ಚರ್ಯವೇ ಎಷ್ಟೋ ವರ್ಷಗಳ ನಂತರ, 1989ರಲ್ಲಿ, ಭಾರತೀಯರದೇ ಆದ ಯೋಚನಾ ರೀತಿ ಅಂತ ಒಂದು ಇದೆಯೆ ಎಂದು ಕೇಳುವ ಹೆಸರಾಂತ ಪ್ರಬಂಧಕ್ಕೆ ಬೀಜವಾಯಿತು.

ಆ ಮನೆಯಲ್ಲಿ ಒಂದೊಂದು ಭಾಷೆಗೆ ಒಂದೊಂದು ಜಾಗ. ಮಹಡಿಯ ಮೇಲೆ ಅಪ್ಪನ ಓದುವ ಕೋಣೆ, ಅಲ್ಲಿ ಇಂಗ್ಲಿಷ್ ಮತ್ತು ಸಂಸ್ಕೃತ. ಕೆಳಗೆ ಅಡುಗೆಮನೆಯಲ್ಲಿ ಅಮ್ಮ, ಅಜ್ಜಿ, ಅಲ್ಲಿ ತಮಿಳು. ಹೊಸ್ತಿಲು ದಾಟಿ ಬೀದಿಗೆ ಇಳಿದರೆ ಕನ್ನಡ. ಹುಡುಗ ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತಿ ಇಳಿದು ಮಾಡುವಾಗ ಭಾಷೆಯನ್ನೂ ಬದಲಿಸಬೇಕು. ಮಹಡಿಯ ಭಾಷೆಗಳು ಪುಸ್ತಕದವು, ಗೌರವದವು. ಕೆಳಗಿನದು ಊಟದ, ಮುನಿಸಿನ, ರಾತ್ರಿ ಕತೆಯ ಭಾಷೆ. ನಮ್ಮ ಸ್ಥಿತಿಯೂ ಹೆಚ್ಚುಕಮ್ಮಿ ಇದೇ ಅಲ್ಲವೆ? ಮುಂಬಯಿ ಪುಣೆಯಲ್ಲಾದರೆ ಬೀದಿಯಲ್ಲಿ ಮರಾಠಿ, ಚೆನ್ನೈಯಲ್ಲಾದರೆ ತಮಿಳು, ಕ್ಲಾಸಿನಲ್ಲಿ ಇಂಗ್ಲಿಷ್. ಅವರಿಗೆ ಬೀದಿಯಿಂದ ಬಂದ ಕನ್ನಡ ನಮಗೆ ಅಡುಗೆಮನೆಯಿಂದ ಬಂದಿದೆ, ಅಷ್ಟೇ ವ್ಯತ್ಯಾಸ.

ಕಾಲೇಜಿಗೆ ಸೇರಿದಾಗ ರಾಮಾನುಜನ್ ವಿಜ್ಞಾನದ ವಿದ್ಯಾರ್ಥಿ. ಮಗನಿಗೆ ಗಣಿತ ಒಲಿಯುವುದಿಲ್ಲ ಅಂತ ಕಂಡುಕೊಂಡ ಗಣಿತದ ಪ್ರೊಫೆಸರು ತಾವೇ ಅವನನ್ನು ಇಂಗ್ಲಿಷ್ ಸಾಹಿತ್ಯದ ಕಡೆ ತಿರುಗಿಸಿದರು. ಮಹಾರಾಜಾ ಕಾಲೇಜಿನಲ್ಲಿ 1949ರಲ್ಲಿ ಬಿ.ಎ. ಆನರ್ಸ್ ಮುಗಿಸಿ, ಎಂ.ಎ. ಮಾಡಿಕೊಂಡು, ಇಂಗ್ಲಿಷ್ ಅಧ್ಯಾಪಕರಾಗಿ ಊರೂರು ತಿರುಗಿದರು. ಕೇರಳದ ಕೊಲ್ಲಂ, ಆಮೇಲೆ ಬೆಳಗಾವಿಯ ಲಿಂಗರಾಜ ಕಾಲೇಜು, ಆಮೇಲೆ ಬಡೋದೆ. ಇವುಗಳಲ್ಲಿ ಬೆಳಗಾವಿಯ ವರ್ಷಗಳು ಮುಖ್ಯ. ಮೈಸೂರು ಕನ್ನಡದಲ್ಲಿ ಬೆಳೆದ ಕಿವಿಗೆ ಅಲ್ಲಿ ಬೇರೆಯೇ ಕನ್ನಡ ಬಿತ್ತು, ಪಕ್ಕದಲ್ಲೇ ಮರಾಠಿ. ಕಾಲೇಜಿನೊಳಗೆ ಇಂಗ್ಲಿಷ್ ಸಾಹಿತ್ಯದ ಪಾಠ ಹೇಳುತ್ತ, ಹೊರಗೆ ಕತೆ, ಗಾದೆಗಳನ್ನು ಕೂಡಿಹಾಕತೊಡಗಿದರು. ಆಗ ಅದನ್ನು ಮಾಡಿ ಅಂತ ಯಾರೂ ಹೇಳಿರಲಿಲ್ಲ, ಅದರಿಂದ ಬಡ್ತಿಯೂ ಸಿಗುವಂತಿರಲಿಲ್ಲ. ಕತೆ ಹೇಳಿದವರಲ್ಲಿ ಬಹಳಷ್ಟು ಮಂದಿ ಹೆಂಗಸರು.

ಇಲ್ಲಿಂದ ಅವರು ಪುಣೆಗೆ ಬರುತ್ತಾರೆ. ಡೆಕ್ಕನ್ ಕಾಲೇಜು ಆಗ ಇಡೀ ಭಾರತದಲ್ಲಿ ಭಾಷಾವಿಜ್ಞಾನದ ದೊಡ್ಡ ಗರಡಿ. 1950ರ ದಶಕದ ನಡುವಿನಿಂದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಲ್ಲಿ ಅಲ್ಲಿ ಬೇಸಿಗೆ ಶಾಲೆಗಳು ನಡೆದವು, ಅಮೆರಿಕದ ಭಾಷಾವಿಜ್ಞಾನಿಗಳು ಬಂದು ಪಾಠ ಮಾಡಿದರು. ಅಲ್ಲಿ ಕಲಿಸುತ್ತಿದ್ದ ಮೊದಲ ಪಾಠ ಕೇಳುವುದು. ಆಡುವವನ ಬಾಯಿಂದ ಏನು ಬಂತೋ ಅದನ್ನೇ ಬರೆದುಕೊಳ್ಳಬೇಕು, ಅವನು ಹೇಗೆ ಆಡಬೇಕಿತ್ತು ಅಂತ ತಿದ್ದಬಾರದು. ‘ಬರ್ತೀನಿ’, ‘ಬರ್ತೇನಿ’, ‘ಬತ್ತೀನಿ’ ಇವುಗಳಲ್ಲಿ ಒಂದು ಶುದ್ಧ, ಉಳಿದವು ಅಶುದ್ಧ ಅನ್ನುವ ಮಾತು ಆ ಶಾಸ್ತ್ರದಲ್ಲಿ ಇಲ್ಲ. ಮೂರಕ್ಕೂ ನಿಯಮ ಉಂಟು, ಆ ನಿಯಮ ಕಂಡುಹಿಡಿಯುವುದೇ ಕೆಲಸ. ರಾಮಾನುಜನ್ 1958ರಲ್ಲಿ ಅಲ್ಲಿಂದ ಭಾಷಾವಿಜ್ಞಾನದ ಡಿಪ್ಲೊಮಾ ಪಡೆದರು. ಮರುವರ್ಷ ಫುಲ್‌ಬ್ರೈಟ್ ವೇತನದ ಮೇಲೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯ ಸೇರಿ, 1963ರಲ್ಲಿ ಪಿಎಚ್.ಡಿ. ಪಡೆದರು.

ಆ ಮಹಾಪ್ರಬಂಧದ ವಿಷಯ ಕನ್ನಡದ ಜನರೇಟಿವ್ ವ್ಯಾಕರಣ. ಚಾಮ್‌ಸ್ಕಿಯ ಹೊಸ ವಿಚಾರ ಪುಸ್ತಕವಾಗಿ ಬಂದದ್ದು 1957ರಲ್ಲಿ, ಆರೇ ವರ್ಷಕ್ಕೆ ಅದು ಕನ್ನಡಕ್ಕೆ ಹೊಂದಿಕೊಂಡಿತ್ತು. ಕೇಶಿರಾಜನ ‘ಶಬ್ದಮಣಿದರ್ಪಣ’ ಕವಿಗಳ ಕನ್ನಡಕ್ಕೆ ಬರೆದ ವ್ಯಾಕರಣ. ಈ ಹೊಸ ವ್ಯಾಕರಣದ ಪ್ರಶ್ನೆಯೇ ಬೇರೆ: ಶಾಲೆಯ ಮುಖ ನೋಡದ ಮಗುವೂ ತಾನು ಹಿಂದೆಂದೂ ಕೇಳದ ವಾಕ್ಯವನ್ನು ಸರಿಯಾಗಿ ಹೇಗೆ ಆಡುತ್ತೆ? ಒಂದು ಉದಾಹರಣೆ ನಾವೇ ಮಾಡಿಕೊಳ್ಳೋಣ. ‘ಅಜ್ಜಿ ಹೇಳಿದ ಕತೆ ಕೇಳಿದ ಹುಡುಗಿ ಮಲಗಿದಳು.’ ಇಲ್ಲಿ ಎರಡು ವಾಕ್ಯ ಮಡಚಿಕೊಂಡು ಮೂರನೆಯದರ ಒಳಗೆ ಕೂತಿವೆ, ಹಿಂದಿಯ ‘ಜೋ’ದಂಥ ಒಂದು ಪದವೂ ಬೇಕಾಗಿಲ್ಲ. ಇದನ್ನು ನಮಗೆ ಯಾವ ಮೇಷ್ಟರೂ ಹೇಳಿಕೊಟ್ಟಿಲ್ಲ, ಆದರೂ ತಪ್ಪುವುದಿಲ್ಲ. ನಮ್ಮ ಮನೆಮಾತಿನ ಒಳಗೆ ಇಷ್ಟು ಲೆಕ್ಕಾಚಾರ ಅಡಗಿದೆ ಅನ್ನುವುದನ್ನು ವಿಶ್ವವಿದ್ಯಾಲಯದ ಮಟ್ಟದಲ್ಲಿ ತೋರಿಸಿದವರಲ್ಲಿ ಅವರು ಮೊದಮೊದಲಿಗರು.

1962ರಲ್ಲಿ ಅವರು ಷಿಕಾಗೋ ವಿಶ್ವವಿದ್ಯಾಲಯ ಸೇರಿದರು, ಕೊನೆಯವರೆಗೂ ಅಲ್ಲೇ ಇದ್ದರು. ಅಲ್ಲಿ ಅವರ ಪಾಲಿಗೆ ಬಂದದ್ದು ತಮಿಳು ಮತ್ತು ದ್ರಾವಿಡ ಭಾಷಾವಿಜ್ಞಾನ. ಇಲ್ಲೊಂದು ಸ್ವಾರಸ್ಯ ಇದೆ. ಅವರಿಗೆ ಬರುತ್ತಿದ್ದುದು ಅಡುಗೆಮನೆಯ ತಮಿಳು, ಹಳೆಯ ತಮಿಳನ್ನು ಅವರು ಕಲಿತೇ ಇರಲಿಲ್ಲ. ಆ ವರ್ಷವೇ ಒಂದು ಶನಿವಾರ ಹಳೆಯ ತಮಿಳಿನ ಪ್ರಾಥಮಿಕ ವ್ಯಾಕರಣ ಹುಡುಕಿಕೊಂಡು ಗ್ರಂಥಾಲಯದ ನೆಲಮಾಳಿಗೆಗೆ ಹೋದರು. ಪಟ್ಟಿಯಾಗದೆ ಬಿದ್ದಿದ್ದ ಪುಸ್ತಕಗಳ ನಡುವೆ ಉ. ವೇ. ಸ್ವಾಮಿನಾಥಯ್ಯರ್ 1937ರಲ್ಲಿ ಸಂಪಾದಿಸಿದ ‘ಕುರುಂತೊಗೈ’ ಕೈಗೆ ಸಿಕ್ಕಿತು. ಸುಮಾರು ಎರಡು ಸಾವಿರ ವರ್ಷದ ಹಿಂದಿನ ಪ್ರೇಮಪದ್ಯಗಳು. ಪುಟ ತಿರುವುತ್ತ ಹೋದ ಹಾಗೆ ಮನೆಯ ತಮಿಳೇ ಕೀಲಿಕೈಯಾಗಿ ಹಳೆಯ ಮಾತುಗಳು ತೆರೆದುಕೊಂಡವು. ಆ ಪದ್ಯಗಳ ಅನುವಾದ 1967ರಲ್ಲಿ ‘ದಿ ಇಂಟೀರಿಯರ್ ಲ್ಯಾಂಡ್‌ಸ್ಕೇಪ್’ ಎಂಬ ಪುಸ್ತಕವಾಯಿತು. ಸಂಗಂ ಕಾವ್ಯದ ಕಡೆ ಹೊರಗಿನ ಓದುಗರು ತಿರುಗಿ ನೋಡಿದ್ದು ಇದರಿಂದ. ಮೈಸೂರಿನ ಮಗ ತನ್ನ ಮನೆಮಾತಿನ ಅತಿ ಹಳೆಯ ಕಾವ್ಯವನ್ನು ಷಿಕಾಗೋದಲ್ಲಿ ಕಂಡುಕೊಂಡದ್ದು ಹೊರನಾಡಿನವರು ಮರೆಯಬಾರದ ಸಂಗತಿ.

ಈ ನಡುವೆ ವಿಲಿಯಂ ಬ್ರೈಟ್ ಎಂಬ ಭಾಷಾವಿಜ್ಞಾನಿಯ ಜೊತೆ ಸೇರಿ 1964ರಲ್ಲಿ ತಮಿಳು ಮತ್ತು ತುಳುವಿನ ಜಾತಿ ಭೇದಗಳ ಮೇಲೆ ಒಂದು ಲೇಖನ ಪ್ರಕಟಿಸಿದರು. ಬ್ರಾಹ್ಮಣರ ಮಾತು, ಬ್ರಾಹ್ಮಣೇತರರ ಮಾತು ಎರಡನ್ನೂ ಅಕ್ಕಪಕ್ಕ ಇಟ್ಟು, ಯಾವುದು ಎಲ್ಲಿ ಬದಲಾಗಿದೆ ಅಂತ ನೋಡಿದರು. ಒಬ್ಬರ ಮಾತು ಮೂಲ, ಇನ್ನೊಬ್ಬರದು ಕೆಟ್ಟದ್ದು ಅನ್ನುವ ಹಳೆಯ ನಂಬಿಕೆ ಅಲ್ಲಿ ನಿಲ್ಲಲಿಲ್ಲ. ಎರಡೂ ಬದಲಾಗುತ್ತವೆ, ಬದಲಾಗುವ ಬಗೆ ಬೇರೆ. ಓದುಬರಹದ ರೂಢಿ ಇದ್ದಲ್ಲಿ, ಭಾಷೆ ತನ್ನಷ್ಟಕ್ಕೆ ಒಳಗಿಂದ ಬದಲಾಗುವುದಕ್ಕೆ ಅದು ತಡೆಯಾಗುತ್ತೆ ಎಂಬುದು ಅವರ ಊಹೆ. ಬರಹದ ಸಾಹಿತ್ಯ ಹೆಚ್ಚು ಬೆಳೆಯದ ತುಳುವಿನಲ್ಲಿ ಎರಡೂ ಕಡೆಯವರ ಮಾತು ಒಳಗಿಂದ ಬದಲಾಗಿರುವುದು ಅದಕ್ಕೆ ಆಧಾರ. ಜಾತಿಯ ಹೆಮ್ಮೆಯಿಂದಲೂ ನಾಚಿಕೆಯಿಂದಲೂ ಬಿಡಿಸಿ ಮಾತನ್ನು ಮಾತಾಗಿ ನೋಡಿದ್ದು ಆ ಕಾಲಕ್ಕೆ ಸಣ್ಣ ಕೆಲಸವಲ್ಲ.

1973ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ ಬಂತು. ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮಪ್ರಭು ಈ ನಾಲ್ವರ ವಚನಗಳು ಇಂಗ್ಲಿಷಿನಲ್ಲಿ. ಅವರಿಗೆ ವಚನ ಹಿಡಿಸಿದ್ದಕ್ಕೆ ಒಂದು ಕಾರಣ ಅದರ ಭಾಷೆ. ಹನ್ನೆರಡನೆಯ ಶತಮಾನದ ಶರಣರು ಮಹಡಿಯ ಭಾಷೆ ಬಿಟ್ಟು ಜನ ಆಡುವ ಕನ್ನಡವನ್ನು ದೇವರ ಎದುರಿಗೇ ಇಟ್ಟವರು. ಈ ಅನುವಾದವನ್ನು ಎಲ್ಲರೂ ಒಪ್ಪಿಲ್ಲ ಅನ್ನುವುದನ್ನೂ ಹೇಳಬೇಕು. ಪಶ್ಚಿಮದ ಆಧುನಿಕ ಓದುಗನ ರುಚಿಗೆ ವಚನವನ್ನು ಒಗ್ಗಿಸಿದ್ದಾರೆ ಅಂತ ತೇಜಸ್ವಿನಿ ನಿರಂಜನ 1992ರ ತಮ್ಮ ಪುಸ್ತಕದಲ್ಲಿ ಕಟುವಾಗಿ ಟೀಕಿಸಿದರು. ಆ ವಾದವನ್ನೂ ಓದಿ ನಾವು ತೀರ್ಮಾನಕ್ಕೆ ಬರಬೇಕು. 1976ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ದ ಅನುವಾದ ಬಂತು, ಅದೇ ವರ್ಷ ಪದ್ಮಶ್ರೀ. 1983ರಲ್ಲಿ ಮೆಕಾರ್ಥರ್ ಫೆಲೋಷಿಪ್. ಷಿಕಾಗೋದಲ್ಲಿ ಇದ್ದುಕೊಂಡೇ ಕನ್ನಡದಲ್ಲಿ ಬರೆಯುವುದನ್ನು ಬಿಡಲಿಲ್ಲ: 1969ರಲ್ಲಿ ‘ಹೊಕ್ಕುಳಲ್ಲಿ ಹೂವಿಲ್ಲ’, 1977ರಲ್ಲಿ ‘ಮತ್ತು ಇತರ ಪದ್ಯಗಳು’, 1978ರಲ್ಲಿ ‘ಮತ್ತೊಬ್ಬನ ಆತ್ಮಚರಿತ್ರೆ’, 1990ರಲ್ಲಿ ‘ಕುಂಟೋಬಿಲ್ಲೆ’.

ಆದರೆ ಇಷ್ಟೆಲ್ಲ ಮಾಡಿದ ಮೇಲೂ ಅವರು ಮತ್ತೆ ಮತ್ತೆ ಹಿಂತಿರುಗಿದ್ದು ಬೆಳಗಾವಿಯಲ್ಲಿ ಕೂಡಿಹಾಕಿದಂಥ ಕತೆಗಳಿಗೆ. ಕನ್ನಡದ ಜನಪದ ಕತೆಗಳಲ್ಲಿ ಎರಡು ಲೋಕ ಇವೆ ಅಂತ ಅವರು 1986ರಲ್ಲಿ ಬರೆದರು. ಸಂಗಂ ಕಾವ್ಯದ ‘ಅಗಂ’, ‘ಪುರಂ’ ಎಂಬ ವಿಂಗಡಣೆಯನ್ನೇ ಇಲ್ಲಿಗೂ ತಂದರು. ಒಳಗಿನ ಕತೆ ಅಡುಗೆಮನೆಯಲ್ಲಿ ಮಕ್ಕಳಿಗೆ ಊಟ ಮಾಡಿಸುತ್ತ ಅಜ್ಜಿ ಹೇಳುವುದು, ಅದರಲ್ಲಿ ಪಾತ್ರಗಳಿಗೆ ಹೆಸರೂ ಇರುವುದಿಲ್ಲ. ಹೊರಗಿನದು ವೃತ್ತಿಗಾಯಕ ಊರ ಮುಂದೆ ವಾದ್ಯ ಹಿಡಿದು ಹಾಡುವುದು, ಅದರಲ್ಲಿ ಊರಿಗೂ ಹೆಸರು, ವೀರನಿಗೂ ಹೆಸರು.

ಅವರು ದಾಖಲಿಸಿದ ಒಂದು ಕನ್ನಡ ಕತೆ ಹೀಗಿದೆ. ಒಬ್ಬ ಹೆಂಗಸಿಗೆ ಒಂದು ಕತೆ, ಒಂದು ಹಾಡು ಬರುತ್ತಿದ್ದವು, ಯಾರಿಗೂ ಹೇಳಿರಲಿಲ್ಲ. ಒಳಗೆ ಉಸಿರುಕಟ್ಟಿದ ಅವು ಆಕೆ ನಿದ್ದೆಹೋದಾಗ ತೆರೆದ ಬಾಯಿಂದ ಹೊರಬಿದ್ದವು. ಕತೆ ಬಾಗಿಲ ಹೊರಗೆ ಒಂದು ಜೊತೆ ಜೋಡಾಗಿ ಕೂತಿತು, ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದು, ಯಾರು ಬಂದಿದ್ದಾರೆ ಅಂತ ಜಗಳ ತೆಗೆದು, ಮುನಿಸಿಕೊಂಡು ಹನುಮಂತನ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರ ಮನೆಗಳಲ್ಲಿ ಆರಿಸಿದ ದೀಪಗಳೆಲ್ಲ ಗುಡಿಗೆ ಬಂದು ಹರಟುವಾಗ ಅವನ ಮನೆಯ ದೀಪ ನಿಜ ಹೇಳಿತು. ಮರುದಿನ ಅವನು ಹೋಗಿ ಹೆಂಡತಿಯ ಹತ್ತಿರ ನಿನ್ನ ಕತೆ, ಹಾಡು ಹೇಳು ಅಂದ. ಅಷ್ಟರಲ್ಲಿ ಆಕೆಗೆ ಎರಡೂ ಮರೆತುಹೋಗಿದ್ದವು.

ಅವರ ಹೆಸರು ಪತ್ರಿಕೆಗಳಲ್ಲಿ ಮತ್ತೆ ಕಾಣಿಸಿದ್ದು ಇನ್ನೊಂದು ಕಾರಣಕ್ಕೆ. 1991ರಲ್ಲಿ ಅಚ್ಚಾದ, ಮುನ್ನೂರು ರಾಮಾಯಣಗಳ ಬಗೆಗಿನ ಅವರ ಪ್ರಬಂಧವನ್ನು ದೆಹಲಿ ವಿಶ್ವವಿದ್ಯಾಲಯ 2011ರಲ್ಲಿ ಇತಿಹಾಸದ ಪಠ್ಯದಿಂದ ತೆಗೆಯಿತು. 2008ರಲ್ಲಿ ಅದರ ವಿರುದ್ಧ ಪ್ರತಿಭಟನೆ ನಡೆದಿತ್ತು. ಆ ಪ್ರಬಂಧದಲ್ಲಿ ನಮ್ಮ ಕನ್ನಡದ್ದೇ ಒಂದು ಜನಪದ ರಾಮಾಯಣ ಬರುತ್ತೆ. ರಾಮೇಗೌಡರು ಸಂಗ್ರಹಿಸಿದ ಅದರಲ್ಲಿ ರಾವಣನ ಹೆಸರು ರಾವುಳ. ಶಿವ ಕೊಟ್ಟ ಮಾವಿನಹಣ್ಣಿನಿಂದ ಅವನೇ ಬಸುರಾಗಿ, ಸೀನಿದಾಗ ಮೂಗಿನಿಂದ ಮಗಳು ಹುಟ್ಟುತ್ತಾಳೆ. ಸೀತದ್ದರಿಂದ ಅವಳು ಸೀತೆ. ಸಂಸ್ಕೃತದಲ್ಲಿ ಸೀತಾ ಅಂದರೆ ನೇಗಿಲ ಸಾಲು, ನೆಲದಿಂದ ಹುಟ್ಟಿದವಳು. ಕನ್ನಡದ ಬಾಯಿಗೆ ಬಂದ ಕೂಡಲೆ ಅದೇ ಹೆಸರಿನಿಂದ ಹೊಸ ಕತೆ ಹುಟ್ಟಿತು. ಭಾಷೆ ಬದಲಾದರೆ ಕತೆಯೂ ಬದಲಾಗುತ್ತೆ ಅನ್ನುವುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಈ ವಿವಾದವನ್ನು ನೋಡಲು ಅವರು ಇರಲಿಲ್ಲ. 1993ರ ಜುಲೈ 13ರಂದು ಷಿಕಾಗೋದಲ್ಲಿ, ಶಸ್ತ್ರಚಿಕಿತ್ಸೆಗೆಂದು ಕೊಟ್ಟ ಅರಿವಳಿಕೆ ಒಗ್ಗದೆ ತೀರಿಕೊಂಡರು. ಆಗ ವಯಸ್ಸು 64. ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1999ರಲ್ಲಿ, ಅವರ ಇಂಗ್ಲಿಷ್ ಕವಿತೆಗಳಿಗೆ. ಅರ್ಧಕ್ಕೆ ಬಿಟ್ಟಿದ್ದ ಕನ್ನಡ ಕತೆಗಳ ಕೆಲಸವನ್ನು ಸ್ಟುವರ್ಟ್ ಬ್ಲ್ಯಾಕ್‌ಬರ್ನ್ ಮತ್ತು ಅಲನ್ ಡಂಡಿಸ್ ಪೂರೈಸಿ 1997ರಲ್ಲಿ ‘ಎ ಫ್ಲವರಿಂಗ್ ಟ್ರೀ’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಹೂಬಿಡುವ ಮರವಾಗಬಲ್ಲ ಹುಡುಗಿಯೊಬ್ಬಳ ಕತೆ ಅದರ ಹೆಸರಿಗೆ ಕಾರಣ. ಕನ್ನಡದ ಹೆಂಗಸರು ಹೇಳಿದ ಆ ಕತೆಯನ್ನು ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ ಆಪೆರಾ ಮಾಡಿದರು. 2006ರಲ್ಲಿ ಅದು ವಿಯೆನ್ನಾದಲ್ಲಿ ರಂಗಕ್ಕೆ ಬಂತು.

ಗೆಳೆಯರೆ, ನಮ್ಮಲ್ಲಿ ಬಹಳ ಮಂದಿಗೆ ಒಂದು ಅಳುಕು ಇದೆ. ನಮ್ಮದು ಬರೀ ಮನೆಯ ಕನ್ನಡ, ಪುಸ್ತಕದ್ದಲ್ಲ, ಮರಾಠಿಯೋ ತೆಲುಗೋ ಬೆರೆತದ್ದು, ಊರಿಗೆ ಹೋದರೆ ಸೋದರಮಾವನ ಮಕ್ಕಳು ನಗುತ್ತಾರೆ ಅಂತ. ಆ ಅಳುಕಿನಿಂದ ಬಾಯಿ ಮುಚ್ಚಿಕೊಳ್ಳುತ್ತೇವೆ. ಮುಂದಿನ ತಲೆಮಾರಿಗೆ ಅದೂ ದಾಟುವುದಿಲ್ಲ. ಭಾಷೆ ಕಲಿಸುವುದರ ಬಗ್ಗೆ ರಾಮಾನುಜನ್ ಅವರ ಜೀವನ ಹೇಳುವುದು ಇದಕ್ಕೆ ವಿರುದ್ಧವಾದದ್ದು. ಮನೆಯ ಮಾತು ಅರ್ಧ ಭಾಷೆಯಲ್ಲ. ಅದಕ್ಕೆ ಪೂರ್ತಿ ವ್ಯಾಕರಣ ಇದೆ, ಅದರಲ್ಲಿ ಕತೆ ಇದೆ, ಹಳೆಯ ಕಾವ್ಯಕ್ಕೆ ದಾರಿಯೂ ಅದರಿಂದಲೇ ಇದೆ. ಪುಸ್ತಕದ ಕನ್ನಡವನ್ನೂ ಕಲಿಯಬೇಕು, ಅವರು ಹಳೆಯ ತಮಿಳನ್ನು ಕೂತು ಕಲಿತ ಹಾಗೆ. ಆದರೆ ಕೈಯಲ್ಲಿರುವುದನ್ನು ಎಸೆದು ಅಲ್ಲ.

ನಮ್ಮ ನಮ್ಮ ಮನೆಗಳಲ್ಲಿ ಧಾರವಾಡದ, ಕುಂದಾಪುರದ, ಮಂಡ್ಯದ, ಬೀದರದ ಕನ್ನಡ ಆಡುವ ಅಜ್ಜಿಯರು, ದೊಡ್ಡಮ್ಮಂದಿರು ಇನ್ನೂ ಇದ್ದಾರೆ. ರಜೆಯಲ್ಲಿ ಒಂದು ಸಂಜೆ ಅವರ ಹತ್ತಿರ ಕೂತು ಒಂದು ಕತೆ ಹೇಳಿಸಿಕೊಳ್ಳಿ, ಅವರು ಆಡಿದ ಹಾಗೆಯೇ, ತಿದ್ದದೆ ಬರೆದುಕೊಳ್ಳಿ. ಕೇಳುವುದನ್ನು ತಡಮಾಡಿದರೆ ಆ ಕತೆಯ ಹೆಂಗಸಿಗೆ ಆದದ್ದೇ ನಮಗೂ ಆಗುತ್ತೆ.