ಹೆಸರು ಕಳೆದುಕೊಂಡ ಎಂಜಿನಿಯರ್: ರಾಬರ್ಟ್ ಮೋಗ್

ರಾಬರ್ಟ್ ಮೋಗ್ ಅವರ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಾಗ ಮಧ್ಯೆ ಎರಡು ಸೊನ್ನೆಯಂಥ ಅಕ್ಷರ ಜೊತೆಯಾಗಿ ಬರುತ್ತವೆ. ಆದ್ದರಿಂದ ಹೆಚ್ಚಿನವರು ಅದನ್ನು ಮೂಗ್ ಎಂದೇ ಓದುತ್ತಾರೆ. ಕನ್ನಡದವರಿಗಂತೂ ಮೂಗು ನೆನಪಾಗುತ್ತದೆ, ಇಲ್ಲವೇ ಮಾತು ಬಾರದ ಮೂಗ. ಸದ್ದಿನಿಂದಲೇ ಹೆಸರಾದ ಮನುಷ್ಯನಿಗೆ ಇದು ವಿಚಿತ್ರ ಹೆಸರು. ಆದರೆ ಅವರ ಮನೆಯಲ್ಲಿ ಹೇಳುತ್ತಿದ್ದದ್ದು ಮೋಗ್ ಎಂದು. ನಮ್ಮ ಶಿವಮೊಗ್ಗದ ಕೊನೆಯನ್ನು ಸ್ವಲ್ಪ ಎಳೆದು ಹೇಳಿದರೆ ಹತ್ತಿರ ಬರುತ್ತದೆ.

ಇವರು ಯಾರು ಎಂದು ಕೇಳುವವರಿಗೆ ಒಂದು ಮಾತು. ಭದ್ರಾವತಿಯ ಮದುವೆ ಆರ್ಕೆಸ್ಟ್ರಾದಲ್ಲಿ ಒಬ್ಬನೇ ಹುಡುಗ ನಿಂತು ಪಿಟೀಲು, ಕೊಳಲು, ಬೇಸ್ ಗಿಟಾರ್ ಎಲ್ಲವನ್ನೂ ಒಂದೇ ಕೀಬೋರ್ಡಿನಲ್ಲಿ ನುಡಿಸುತ್ತಾನಲ್ಲ, ಅದಕ್ಕೆ ನಾವು ಯಾವ ಕಂಪನಿಯದಾದರೂ ಕ್ಯಾಸಿಯೋ ಎನ್ನುತ್ತೇವೆ. ಆ ವಾದ್ಯದ ವಂಶಾವಳಿ ಹುಡುಕುತ್ತಾ ಹಿಂದೆ ಹೋದರೆ 1970ರಲ್ಲಿ ಬಂದ ಮಿನಿಮೋಗ್ ಎಂಬ ಪುಟ್ಟ ಪೆಟ್ಟಿಗೆ ಸಿಗುತ್ತದೆ. ಅದರ ಮೇಲಿದ್ದ ಹೆಸರು ಇವರದು.

ಮೋಗ್ ಹುಟ್ಟಿದ್ದು 1934ರ ಮೇ 23ರಂದು, ನ್ಯೂಯಾರ್ಕಿನಲ್ಲಿ. ತಂದೆ ವಿದ್ಯುತ್ ಕಂಪನಿಯಲ್ಲಿ ಎಂಜಿನಿಯರ್. ಮಗ ದೊಡ್ಡ ಪಿಯಾನೋ ವಾದಕನಾಗಬೇಕೆಂದು ತಾಯಿಯ ಆಸೆ, ಅದಕ್ಕಾಗಿ ದಿನವೂ ಅಭ್ಯಾಸಕ್ಕೆ ಕೂರಿಸುತ್ತಿದ್ದರು. ಹುಡುಗನ ಮನಸ್ಸು ಮಾತ್ರ ತಂದೆಯ ಬೆಸುಗೆ ಕಡ್ಡಿಯ ಮೇಲೆ. ಹದಿನಾಲ್ಕರ ಆಸುಪಾಸಿನಲ್ಲಿ ಪತ್ರಿಕೆಯೊಂದರ ನಕ್ಷೆ ನೋಡಿ ಥೆರಮಿನ್ ಮಾಡಿಕೊಂಡ. ಇದು ಲಿಯೋನ್ ಥೆರಮಿನ್ ಎಂಬ ರಷ್ಯಾದ ವಿಜ್ಞಾನಿ 1920ರ ಸುಮಾರಿಗೆ ಮಾಡಿದ್ದ ವಾದ್ಯ. ಇದನ್ನು ಮುಟ್ಟಿ ನುಡಿಸುವಂತಿಲ್ಲ. ಎರಡು ಆಂಟೆನಾಗಳ ಹತ್ತಿರ ಕೈ ಆಡಿಸಬೇಕು. ಒಂದು ಕೈ ಸ್ವರವನ್ನು ಏರಿಸಿ ಇಳಿಸಿದರೆ ಇನ್ನೊಂದು ಸದ್ದನ್ನು ಜೋರು ಮೆತ್ತಗೆ ಮಾಡುತ್ತದೆ.

ತಂದೆ ಮಗ ಸೇರಿ 1950ರ ದಶಕದ ಮೊದಲಲ್ಲೇ ಮನೆಯಿಂದ ಥೆರಮಿನ್ ಮಾರುವ ಸಣ್ಣ ವ್ಯಾಪಾರ ತೆರೆದರು. ಮೋಗ್ ಓದು ಬಿಡಲಿಲ್ಲ. ಕ್ವೀನ್ಸ್ ಕಾಲೇಜಿನಲ್ಲಿ ಭೌತಶಾಸ್ತ್ರ, ಕೊಲಂಬಿಯಾದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಆಮೇಲೆ ಕಾರ್ನೆಲ್‌ನಲ್ಲಿ ಪಿಎಚ್‌ಡಿ. 1961ರಲ್ಲಿ ಟ್ರಾನ್ಸಿಸ್ಟರ್ ಥೆರಮಿನ್ ಬಗ್ಗೆ ಒಂದು ಲೇಖನ ಬರೆದು, ಬಿಡಿಭಾಗಗಳ ಕಿಟ್ಟನ್ನು ಸುಮಾರು 50 ಡಾಲರಿಗೆ ಮಾರಿದರು. ಸಾವಿರದಷ್ಟು ಕಿಟ್ ಹೋದವು. ಇನ್ನೂ ವಿದ್ಯಾರ್ಥಿಯಾಗಿದ್ದವರಿಗೆ ಇದು ಒಳ್ಳೆಯ ವ್ಯಾಪಾರ. ನನ್ನ ಪ್ರಕಾರ ಅವರ ಇಡೀ ಜೀವನದಲ್ಲಿ ಲೆಕ್ಕ ಸರಿಯಾಗಿ ಕೂಡಿದ ವ್ಯಾಪಾರಗಳಲ್ಲಿ ಇದೂ ಒಂದು.

1963ರಲ್ಲಿ ಸಂಗೀತ ಶಿಕ್ಷಕರ ಸಮ್ಮೇಳನವೊಂದರಲ್ಲಿ ಹರ್ಬರ್ಟ್ ಡಾಯ್ಚ್ ಎಂಬ ಸಂಗೀತಗಾರರ ಪರಿಚಯವಾಯಿತು. ಆಗ ಎಲೆಕ್ಟ್ರಾನಿಕ್ ಸಂಗೀತ ಎಂದರೆ ಟೇಪನ್ನು ಕತ್ತರಿಸಿ ಅಂಟಿಸುವ ಕೆಲಸ. ಒಂದು ನಿಮಿಷದ ಸಂಗೀತಕ್ಕೆ ದಿನಗಟ್ಟಲೆ ಕೂರಬೇಕು. 1964ರ ಬೇಸಿಗೆಯಲ್ಲಿ ಡಾಯ್ಚ್ ಅವರು ಟ್ರೂಮನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿದ್ದ ಮೋಗ್ ಅವರ ಕಾರ್ಯಾಗಾರಕ್ಕೆ ಬಂದರು. ತನಗೆ ಎಂಥ ಸದ್ದು ಬೇಕು ಎಂದು ಇವರು ಹೇಳುವುದು, ಅದಕ್ಕೆ ಸರ್ಕೀಟು ಅವರು ಮಾಡುವುದು. ಅದೇ ವರ್ಷ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಆಡಿಯೋ ಎಂಜಿನಿಯರುಗಳ ಸಮಾವೇಶದಲ್ಲಿ ಮೋಗ್ ತಮ್ಮ ಪೆಟ್ಟಿಗೆಗಳನ್ನು ಮೇಜಿನ ಮೇಲಿಟ್ಟರು. ಆರ್ಡರ್ ಬರತೊಡಗಿದವು. ಪಿಎಚ್‌ಡಿ ಮುಗಿದದ್ದು ಮರುವರ್ಷ.

ಈ ಯಂತ್ರದ ಒಳಗುಟ್ಟು ಸೈನ್ಸ್ ಸೆಕ್ಷನ್ನಿನವರಿಗೆ ಮಾತ್ರ ಅರ್ಥವಾಗುವಂಥದ್ದೇನಲ್ಲ. ಮೊದಲು ಆಸಿಲೇಟರ್ ಒಂದು ಒರಟು ಸದ್ದು ಹುಟ್ಟಿಸುತ್ತದೆ, ಜೇನುನೊಣದ ಹಾಗೆ. ಅದು ಫಿಲ್ಟರಿಗೆ ಹೋಗುತ್ತದೆ. ಫಿಲ್ಟರ್ ಎಂದರೆ ಜರಡಿ. ಚೂಪಾದ ಸದ್ದನ್ನೆಲ್ಲ ತಡೆದು ದಪ್ಪ ಸದ್ದನ್ನು ಕೆಳಗೆ ಬಿಡುತ್ತದೆ. ಕೊನೆಯಲ್ಲಿ ಆಂಪ್ಲಿಫೈಯರ್. ಇದನ್ನು ಭದ್ರಾ ನಾಲೆಯ ತೂಬು ಎಂದುಕೊಳ್ಳಿ. ತಟ್ಟನೆ ತೆರೆದು ಮುಚ್ಚಿದರೆ ತಬಲಾದ ಪೆಟ್ಟಿನಂತೆ, ನಿಧಾನವಾಗಿ ಎತ್ತಿ ಇಳಿಸಿದರೆ ಪಿಟೀಲಿನಂತೆ. ಮೋಗ್ ಅವರ ಜಾಣತನ ಇರುವುದು ಈ ಮೂರನ್ನೂ ಕೈಯಿಂದ ತಿರುಗಿಸುವ ಬದಲು ವೋಲ್ಟೇಜಿನಿಂದ ಆಡಿಸಿದ್ದರಲ್ಲಿ. ಒಂದು ವೋಲ್ಟ್ ಹೆಚ್ಚಿದರೆ ಸ್ವರ ಸರಿಯಾಗಿ ಒಂದು ಸಪ್ತಕ ಮೇಲೇರುತ್ತದೆ. ಕೀಬೋರ್ಡಿನ ಒಂದೊಂದು ಮನೆಗೂ ಒಂದೊಂದು ವೋಲ್ಟೇಜ್. ಅಷ್ಟೇ. ಇದನ್ನೇ ಅನಲಾಗ್ ಎನ್ನುವುದು; ಒಳಗೆ ಸಂಖ್ಯೆಗಳಿಲ್ಲ, ಹರಿಯುವ ವಿದ್ಯುತ್ ಮಾತ್ರ.

1968ರಲ್ಲಿ ವೆಂಡಿ ಕಾರ್ಲೋಸ್ ಈ ಯಂತ್ರದಲ್ಲಿ ಬಾಖ್‌ನ ಸಂಗೀತ ನುಡಿಸಿ ತಂದ ಸ್ವಿಚ್ಡ್ ಆನ್ ಬಾಖ್ ಎಂಬ ರೆಕಾರ್ಡ್ ಮೂರು ಗ್ರ್ಯಾಮಿ ಗೆದ್ದಿತು. ಮರುವರ್ಷ ಬೀಟಲ್ಸ್ ತಂಡದವರೂ ಬಳಸಿದರು. 1969ರಲ್ಲೇ ಒಂದು ಮೋಗ್ ಯಂತ್ರ ನಮ್ಮ ದೇಶಕ್ಕೂ ಬಂತು, ಬಂದದ್ದು ಬೊಂಬಾಯಿಯ ಸಿನಿಮಾಕ್ಕಲ್ಲ. ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನಲ್ಲಿ ಡೇವಿಡ್ ಟ್ಯೂಡರ್ ಎಂಬ ಅಮೆರಿಕದ ಸಂಗೀತಗಾರರು ಅದನ್ನು ಸ್ಥಾಪಿಸಿ, ಅಲ್ಲಿಯವರಿಗೆ ಕಲಿಸಿದರು. ಇಡೀ ಭಾರತದ ಎಲೆಕ್ಟ್ರಾನಿಕ್ ಸಂಗೀತ ಆಗ ಒಂದು ಕೋಣೆಯಲ್ಲಿ ಹಿಡಿಸುತ್ತಿತ್ತು.

ಕೋಣೆ ಎಂದದ್ದು ಸುಮ್ಮನೆ ಅಲ್ಲ. ಆ ಯಂತ್ರಗಳು ನಮ್ಮ ಮನೆಯ ಗೋದ್ರೇಜ್ ಬೀರುವಿನಷ್ಟು ದೊಡ್ಡವು. ಪ್ರತಿ ಸದ್ದಿಗೂ ಹತ್ತಾರು ವೈರುಗಳನ್ನು ಒಂದು ತೂತಿನಿಂದ ಇನ್ನೊಂದಕ್ಕೆ ಚುಚ್ಚಬೇಕು. ಬೆಲೆ ಹಲವು ಸಾವಿರ ಡಾಲರ್. ಇದನ್ನು ಚಿಕ್ಕದು ಮಾಡಬೇಕೆಂದು ಹಟ ಹಿಡಿದವರು ಕಂಪನಿಯ ಎಂಜಿನಿಯರ್ ಬಿಲ್ ಹೆಮ್ಸಾತ್. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಬಿಡಿಭಾಗಗಳನ್ನು ಜೋಡಿಸಿ ಮೊದಲ ಮಾದರಿ ಮಾಡಿದರು. ಮೋಗ್ ಅವರಿಗೆ ಮೊದಮೊದಲು ಇದರಲ್ಲಿ ಅಷ್ಟು ನಂಬಿಕೆ ಇರಲಿಲ್ಲ. ಜೊತೆಗಾರರು ಬಿಡದೆ ಮುಂದುವರಿಸಿದರು. 1970ರಲ್ಲಿ ಮಿನಿಮೋಗ್ ಮಾಡೆಲ್ ಡಿ ಹೊರಬಂತು: ಮೂರು ಆಸಿಲೇಟರ್, 44 ಮನೆ, ಎಡಗೈಗೆ ಎರಡು ಚಕ್ರ, ವೈರು ಚುಚ್ಚುವ ಗೋಜಿಲ್ಲ, ಬಗಲಲ್ಲಿ ಹಿಡಿದು ಹೋಗಬಹುದು. ಒಂದು ಸಲಕ್ಕೆ ಒಂದೇ ಸ್ವರ ನುಡಿಯುತ್ತಿತ್ತು ಎನ್ನುವುದು ನಿಜ. ಆದರೆ ಎಡಗೈಯ ಚಕ್ರದಿಂದ ಆ ಒಂದು ಸ್ವರವನ್ನು ಜಾರಿಸಬಹುದಿತ್ತು. ಹಾರ್ಮೋನಿಯಂನಲ್ಲಿ ಆಗದ ಮೀಂಡ್, ಗಮಕ ಇದರಲ್ಲಿ ಆಗುತ್ತದೆ.

ಬೆಲೆ ಸುಮಾರು 1,500 ಡಾಲರ್. ಆಗಿನ ದರ ಡಾಲರಿಗೆ ಏಳೂವರೆ ರೂಪಾಯಿ, ಅಂದರೆ 11 ಸಾವಿರ ರೂಪಾಯಿಗಿಂತ ಸ್ವಲ್ಪ ಹೆಚ್ಚು. ನಮ್ಮವರಿಗೆ ಅದು ಆಗ ಕೈಗೆಟುಕದ ಮೊತ್ತವೇ, ಆದರೆ ಅಮೆರಿಕದ ವಾದಕನೊಬ್ಬ ಅಂಗಡಿಗೆ ಹೋಗಿ ಕೊಳ್ಳಬಹುದಾದ ಮೊದಲ ಸಿಂಥಸೈಜರ್ ಇದು. 1981ರವರೆಗೆ ಸುಮಾರು 12 ಸಾವಿರ ಮಿನಿಮೋಗ್‌ಗಳು ತಯಾರಾದವು.

ಹೆದರಿದವರೂ ಇದ್ದರು. ಒಂದು ಪೆಟ್ಟಿಗೆ ಹತ್ತು ಜನರ ಅನ್ನ ಕಸಿಯುತ್ತದೆ ಎಂದು ಅಮೆರಿಕದ ಸಂಗೀತಗಾರರ ಸಂಘ ಆತಂಕಪಟ್ಟಿತ್ತು. ಅದನ್ನು ಸುಳ್ಳು ಭಯ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಓಲ್ಡ್ ಟೌನಿನಲ್ಲಿ ಹಿಂದೆ ಮದುವೆಗಳಲ್ಲಿ ಕ್ಲಾರಿಯೊನೆಟ್ ಊದುತ್ತಿದ್ದವರ ಮಕ್ಕಳು ಈಗ ಬೇರೆ ಕೆಲಸ ಮಾಡುತ್ತಾರೆ.

ಇಲ್ಲಿಂದ ಮುಂದಿನದು ನಮ್ಮ ಕಾಮರ್ಸ್ ಕ್ಲಾಸಿನ ಕಥೆ. ಮಿನಿಮೋಗ್ ಗೆಲ್ಲುವ ಹೊತ್ತಿಗೆ ಅದನ್ನು ಮಾಡಿದ ಕಂಪನಿ ಸಾಲದಲ್ಲಿ ಮುಳುಗಿತ್ತು. ದೊಡ್ಡ ಯಂತ್ರಗಳನ್ನು ಆರ್ಡರ್ ಬಂದ ಮೇಲೆ ಒಂದೊಂದಾಗಿ ಮಾಡಬೇಕು, ಬಿಡಿಭಾಗಕ್ಕೆ ಹಣ ಮೊದಲೇ ಹೋಗುತ್ತದೆ. ಪುಸ್ತಕದಲ್ಲಿ ವರ್ಕಿಂಗ್ ಕ್ಯಾಪಿಟಲ್ ಎಂದು ಓದುತ್ತೇವಲ್ಲ, ಅದು ಅವರಲ್ಲಿ ಇರಲೇ ಇಲ್ಲ. ಅಷ್ಟರಲ್ಲಿ ಎಆರ್‌ಪಿಯಂಥ ಪ್ರತಿಸ್ಪರ್ಧಿಗಳು ಬಂದರು. ಮೋಗ್ ಪೇಟೆಂಟ್ ಪಡೆದದ್ದು ತಮ್ಮ ಪ್ರಸಿದ್ಧ ಏಣಿ ಆಕಾರದ ಫಿಲ್ಟರಿಗೆ, 1969ರಲ್ಲಿ. ವೋಲ್ಟೇಜಿನಿಂದ ವಾದ್ಯವನ್ನು ಆಡಿಸುವ ಇಡೀ ಪದ್ಧತಿಯನ್ನು ಯಾರು ಬೇಕಾದರೂ ಬಳಸಬಹುದಿತ್ತು, ಬಳಸಿದರು ಕೂಡ. ತಾವು ವ್ಯಾಪಾರಸ್ಥರಲ್ಲ ಎಂದು ಅವರೇ ಮುಂದೆ ಹೇಳಿಕೊಳ್ಳುತ್ತಿದ್ದರು.

ಇಂಥವರು ನಮ್ಮ ಬೀದಿಯಲ್ಲೂ ಇದ್ದಾರೆ. ಮೈಕ್‌ಸೆಟ್ ಬಾಡಿಗೆಗೆ ಕೊಡುವ ಒಬ್ಬ ಚಾಚಾ, ಕೆಟ್ಟ ಆಂಪ್ಲಿಫೈಯರನ್ನು ಮುಚ್ಚಳ ತೆಗೆಯದೆ ಸದ್ದು ಕೇಳಿಯೇ ಎಲ್ಲಿ ಹೋಗಿದೆ ಎಂದು ಹೇಳುತ್ತಾರೆ. ಕೀಬೋರ್ಡಿನವರೆಲ್ಲ ರಿಪೇರಿಗೆ ಅವರ ಹತ್ತಿರವೇ ಬರುತ್ತಾರೆ. ಆದರೆ ಉದ್ರಿಯನ್ನು ಎಲ್ಲೂ ಬರೆದಿಡುವುದಿಲ್ಲ, ಕೇಳಲು ನಾಚಿಕೆ. ಕಳೆದ ಶಾಬಾನ್ ತಿಂಗಳಿನ ಮದುವೆಗಳ ಬಾಕಿಯನ್ನು ನಾನು ಕೂತು ಅವರ ಬಾಯಿಂದ ಕೇಳಿ ಲೆಡ್ಜರಿನಲ್ಲಿ ಬರೆದೆ. ಕೂಡಿದ ಮೊತ್ತ ನೋಡಿ ಚಾಚಿ ಎದ್ದು ಒಳಗೆ ಹೋದರು. ಆ ಹಣದಲ್ಲಿ ಅವರ ಮಗಳ ಬಿ.ಎಡ್ ಫೀಸು ಕಟ್ಟಿ ಇನ್ನೂ ಉಳಿಯುತ್ತಿತ್ತು. ಮೋಗ್ ಅವರ ಜೀವನ ಓದುವಾಗ ನನಗೆ ಆ ಲೆಡ್ಜರೇ ಕಣ್ಣಮುಂದೆ ಬಂತು. ಸರ್ಕೀಟು ಗೊತ್ತಿದ್ದವರ ಪಕ್ಕದಲ್ಲಿ ಲೆಕ್ಕ ಗೊತ್ತಿದ್ದ ಒಬ್ಬರು ಕೂತಿದ್ದರೆ ಎಷ್ಟು ಚೆನ್ನಾಗಿತ್ತು.

1971ರಲ್ಲಿ ಕಂಪನಿಯ ಹಿಡಿತ ಬಿಲ್ ವೇಟೆನಾ ಎಂಬ ಉದ್ಯಮಿಯ ಕೈಗೆ ಹೋಯಿತು. ಕಾರ್ಖಾನೆ ಟ್ರೂಮನ್ಸ್‌ಬರ್ಗ್ ಬಿಟ್ಟು ಬಫಲೋ ನಗರದ ಪಕ್ಕಕ್ಕೆ ಹೋಯಿತು. 1973ರಲ್ಲಿ ನಾರ್ಲಿನ್ ಎಂಬ ದೊಡ್ಡ ಸಂಸ್ಥೆ ಅದನ್ನು ಕೊಂಡಿತು. ತಮ್ಮ ಹೆಸರಿನ ಕಂಪನಿಯಲ್ಲಿ ಮೋಗ್ ಸಂಬಳಕ್ಕೆ ಕೆಲಸ ಮಾಡುವವರಾದರು. 1977ರಲ್ಲಿ ಹೊರಬಂದರು. ಮರುವರ್ಷ ನಾರ್ತ್ ಕ್ಯಾರೊಲಿನಾದ ಬೆಟ್ಟದ ಸೀಮೆಗೆ ಹೋಗಿ ಹೊಸ ಸಂಸ್ಥೆ ತೆರೆದಾಗ ಅದಕ್ಕೆ ಮೋಗ್ ಎಂದು ಹೆಸರಿಡುವಂತಿರಲಿಲ್ಲ. ಬಿಗ್ ಬ್ರಯರ್ ಎಂದು ಇಟ್ಟರು. ಗುಡ್‌ವಿಲ್ ಎಂಬ ಪಾಠದಲ್ಲಿ ಹೆಸರಿಗೂ ಬೆಲೆ ಇದೆ, ಅದನ್ನು ಮಾರಬಹುದು ಎಂದು ಪರೀಕ್ಷೆಗೆ ಓದುತ್ತೇವೆ. ಮಾರಿದವನಿಗೆ ಬೆಳಿಗ್ಗೆ ಎದ್ದರೆ ಹೇಗನಿಸುತ್ತದೆ ಎನ್ನುವುದು ಆ ಪಾಠದಲ್ಲಿ ಇಲ್ಲ. ಎಂಪಿಎಂ ಯಂತ್ರಗಳು ನಿಂತದ್ದನ್ನು ನೋಡಿದ, ವಿಐಎಸ್‌ಎಲ್ ಉಳಿಯುತ್ತದೆಯೋ ಇಲ್ಲವೋ ಎಂದು ವರ್ಷ ವರ್ಷ ಮಾತಾಡುವ ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈಯಲ್ಲಿ ಕಸುಬು ಇರುತ್ತದೆ, ಗೇಟಿನ ಮೇಲಿನ ಬೋರ್ಡು ಯಾರದ್ದೋ ಆಗಿರುತ್ತದೆ.

ಈ ನಡುವೆ ಅವರು ಹುಟ್ಟಿಸಿದ ಸದ್ದು ಜಗತ್ತು ಸುತ್ತುತ್ತಿತ್ತು. 1977ರಲ್ಲಿ ಜಾರ್ಜಿಯೋ ಮೊರೋಡರ್ ಎಂಬ ಸಂಗೀತ ನಿರ್ದೇಶಕರು ಮೋಗ್ ಯಂತ್ರದಿಂದಲೇ ಒಂದು ಇಡೀ ಡಿಸ್ಕೋ ಹಾಡು ಕಟ್ಟಿದರು. ಡಿಸ್ಕೋ ಹಿಂದಿ ಸಿನಿಮಾಕ್ಕೂ ಬಂತು. ಅಮ್ಮಿ ಅಡುಗೆ ಮಾಡುವಾಗ ಈಗಲೂ ಗುನುಗುವ ಕುರ್ಬಾನಿ ಚಿತ್ರದ ನಾಜಿಯಾ ಹಸನ್ ಹಾಡು 1980ರದು. ಅದಕ್ಕೆ ಸಂಗೀತ ಕೊಟ್ಟ ಬಿದ್ದು ನಮ್ಮ ಬೆಂಗಳೂರಿನಲ್ಲಿ ಹುಟ್ಟಿದವರು. (ದಾದಿ ಈ ಹಾಡಿಗೆ ಈಗಲೂ ಕಿವಿ ಮುಚ್ಚಿಕೊಳ್ಳುತ್ತಾರೆ, ಅವರಿಗೆ ನಾತ್ ಸಾಕು, ಅದೂ ವಾದ್ಯವಿಲ್ಲದ್ದು.) 1982ರಲ್ಲಿ ಬೊಂಬಾಯಿಯ ಚರಣ್‌ಜಿತ್ ಸಿಂಗ್ ಜಪಾನಿನ ರೋಲ್ಯಾಂಡ್ ಕಂಪನಿಯ ಪುಟ್ಟ ಯಂತ್ರಗಳಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿ ರೆಕಾರ್ಡ್ ತಂದರು. ಆಗ ಯಾರೂ ಕೊಳ್ಳಲಿಲ್ಲ, ಈಗ ಹುಡುಕಿ ಕೇಳುತ್ತಾರೆ.

ಜಪಾನಿನ ಯಂತ್ರಗಳು ಅಗ್ಗವಾದವು, ಡಿಜಿಟಲ್ ಬಂತು, ಮೋಗ್ ಹೆಸರಿನ ಹಳೆಯ ಕಂಪನಿ 1980ರ ದಶಕದಲ್ಲಿ ದಿವಾಳಿಯಾಯಿತು. ಹೆಸರಿನ ಒಡೆಯರು ಮಾತ್ರ ಬೆಟ್ಟದ ಮೇಲೆ ಮತ್ತೆ ಥೆರಮಿನ್ ಮಾಡುತ್ತಾ, ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾ ಇದ್ದರು. 1991ರಲ್ಲಿ ವೃದ್ಧ ಲಿಯೋನ್ ಥೆರಮಿನ್ ಅಮೆರಿಕಕ್ಕೆ ಬಂದಾಗ ಇಬ್ಬರ ಭೇಟಿಯಾಯಿತು. ಹುಡುಗನಾಗಿದ್ದಾಗ ನಕ್ಷೆ ನೋಡಿ ಮಾಡಿದ ವಾದ್ಯದ ಉಸ್ತಾದರೇ ಎದುರಿಗೆ! ಕೊನೆಗೆ 2002ರಲ್ಲಿ ತಮ್ಮ ಹೆಸರಿನ ಹಕ್ಕು ಅವರಿಗೆ ಮರಳಿ ಸಿಕ್ಕಿತು. ಬಿಗ್ ಬ್ರಯರ್ ಹೋಗಿ ಮೋಗ್ ಮ್ಯೂಸಿಕ್ ಆಯಿತು, ಮಿನಿಮೋಗ್ ವಾಯೇಜರ್ ಎಂಬ ಹೊಸ ವಾದ್ಯ ಬಂತು. 25 ವರ್ಷ ಕಾದ ಹೆಸರನ್ನು ಅವರು ಅನುಭವಿಸಿದ್ದು ಮೂರೇ ವರ್ಷ. ಮೆದುಳಿನ ಗಡ್ಡೆಯಿಂದ 2005ರ ಆಗಸ್ಟ್ 21ರಂದು ಆಶ್ವಿಲ್‌ನಲ್ಲಿ ತೀರಿಕೊಂಡರು. 71 ವರ್ಷ.

ಫಿಲ್ಟರಿನ ಪೇಟೆಂಟ್ ಅವಧಿ ಎಂದೋ ಮುಗಿದಿದೆ. ಆದ್ದರಿಂದ ಬೆಹ್ರಿಂಗರ್ ಎಂಬ ಕಂಪನಿ ಮಿನಿಮೋಗ್‌ನ ಸರ್ಕೀಟನ್ನು ಅನುಸರಿಸಿ ಒಂದು ಸಣ್ಣ ಪೆಟ್ಟಿಗೆ ಮಾಡಿ ಮಾಡೆಲ್ ಡಿ ಎಂದೇ ಮಾರುತ್ತದೆ. ಅದು ಬಂದಾಗ ಅಮೆರಿಕದಲ್ಲಿ ಬೆಲೆ 300 ಡಾಲರಿನ ಆಸುಪಾಸು ಇತ್ತು, 1970ರ ಬೆಲೆಯ ಐದನೇ ಒಂದು ಭಾಗ. ಇದು ಕಳ್ಳತನ ಎನ್ನುವವರಿದ್ದಾರೆ, ಬಡ ವಾದಕನಿಗೆ ಉಪಕಾರ ಎನ್ನುವವರೂ ಇದ್ದಾರೆ. ಕಾನೂನಿನ ಪ್ರಕಾರ ತಪ್ಪಿಲ್ಲ, ಮೋಗ್ ಎಂಬ ಮಾತನ್ನು ಮಾತ್ರ ಅದರ ಮೇಲೆ ಬರೆಯುವಂತಿಲ್ಲ. ಆ ಮಾತಿನ ಒಡೆತನ 2023ರಲ್ಲಿ ಮತ್ತೆ ಕೈಬದಲಾಯಿತು. ಈಗ ಅದು ಇನ್‌ಮ್ಯೂಸಿಕ್ ಎಂಬ ಕಂಪನಿಯ ಬಳಿ ಇದೆ.