ಏಳು ಸುತ್ತಿನ ಕೋಟೆಯ ಕೊನೆಯ ನಾಯಕ

ಈ ಸಲ ನಾನು ಚಿತ್ರದುರ್ಗದ ಮದಕರಿ ನಾಯಕನ ಬಗ್ಗೆ ಬರೆದೀನಿ. ರಾಣೆಬೆನ್ನೂರಿನಿಂದ ಹರಿಹರ, ದಾವಣಗೆರೆ ದಾಟಿದರೆ ದುರ್ಗ ಬರುತ್ತದೆ.

ಮದಕರಿಗಿಂತ ಮೊದಲು ಆಳಿದ ಕಸ್ತೂರಿ ರಂಗಪ್ಪ ನಾಯಕನಿಗೆ ಮಕ್ಕಳಿರಲಿಲ್ಲ. ಅದಕ್ಕೆ ಜಾನಕಲ್ಲಿನಿಂದ ಈ ಹುಡುಗನನ್ನು ಕರೆತಂದು ಪಟ್ಟ ಕಟ್ಟಿದರು. ಆಗ ಅವನು ಹೆಚ್ಚುಕಡಿಮೆ ನಮ್ಮ ಓರಗೆಯವನು. ನಮಗೆ ಮನೆಯಲ್ಲಿ ಎಮ್ಮೆ ನೋಡಿಕೊ ಅಂದ್ರೇನೇ ಬ್ಯಾಸರ. ಅವನ ತಲೆಮೇಲೆ ಇಡೀ ಕೋಟೆ ಬಿತ್ತು.

ಆ ಕೋಟೆ ಅಂಥಿಂಥಾದ್ದಲ್ಲ. ಸುತ್ತಲೂ ಏಳು ಸುತ್ತಿನ ಗೋಡೆ. ನಾನು ಅಲ್ಲಿಗೆ ಹೋದಾಗ ನೋಡೀನಿ, ಒಂದು ಬಾಗಿಲು ದಾಟಿದರೆ ದಾರಿ ಸೀದಾ ಹೋಗೋದಿಲ್ಲ, ಹಾವಿನಂಗ ತಿರುಗತೈತಿ. ವೈರಿಯ ಆನೆ ಓಡಿಬಂದು ಬಾಗಿಲಿಗೆ ಗುದ್ದಬಾರದು ಅಂತ ಹಾಗೆ ಕಟ್ಟಿದ್ದಾರೆ. ಗುಡ್ಡದ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಾದ ನೀರು ಕೆಳಗೆ ಅಕ್ಕತಂಗಿಯರ ಹೊಂಡಕ್ಕೆ ಹೋಗುತ್ತದೆ. ಕಾಳಿಗೆ ಕಣಜ, ಎಣ್ಣೆಗೆ ಕೊಳ, ಮದ್ದು ಅರೆಯಲು ದೊಡ್ಡ ಬೀಸುಕಲ್ಲು, ಎಲ್ಲಾ ಒಳಗೇ ಇವೆ. ಎಷ್ಟು ದಿನ ಮುತ್ತಿಗೆ ಹಾಕಿದರೂ ಒಳಗಿನವರು ಉಪವಾಸ ಬೀಳುತ್ತಿರಲಿಲ್ಲ.

ಆಗ ಮೈಸೂರು ಹೈದರಾಲಿಯ ಕೈಯಲ್ಲಿತ್ತು. ಮದಕರಿ ಒಮ್ಮೆ ಅವನ ಪರವಾಗಿ ಯುದ್ಧ ಮಾಡಿದ್ದನು. ಆದರೆ ಮರಾಠರು ಹೈದರನ ಮೇಲೆ ಬಂದಾಗ ದೂರ ಸರಿದನು. ಹೈದರನಿಗೆ ಸಿಟ್ಟು ಬಂತು. 1777ರಲ್ಲಿ ಬಂದು ತಿಂಗಳುಗಟ್ಟಲೆ ಮುತ್ತಿಗೆ ಹಾಕಿದರೂ ಕೋಟೆ ಬಗ್ಗಲಿಲ್ಲ. ಕೊನೆಗೆ ಕಪ್ಪ ಒಪ್ಪಿಸಿಕೊಂಡು ಹಿಂದೆ ಹೋದನು.

ಓಬವ್ವನ ಕತಿ ನಿಮಗೆಲ್ಲಾ ಗೊತ್ತೈತಿ. ಕಾವಲುಗಾರ ಗಂಡ ಊಟಕ್ಕೆ ಕುಂತಾಗ ನೀರಿಗೆ ಹೋದ ಆಕೆ, ಕಿಂಡಿಯಲ್ಲಿ ನುಸುಳಿ ಬಂದ ವೈರಿಗಳನ್ನು ಒನಕೆಯಿಂದ ಬಡಿದಳು ಎಂದು ಜನ ಹೇಳುತ್ತಾರೆ. ಆ ಒನಕೆ ಕಿಂಡಿ ಈಗಲೂ ಇದೆ. ಒಬ್ಬರು ಬಗ್ಗಿ ನುಸುಳುವಷ್ಟೇ ಜಾಗ.

1779ರಲ್ಲಿ ಹೈದರ ಮತ್ತೆ ಬಂದನು. ಈ ಸಲ ಗೋಡೆ ಸೋಲಲಿಲ್ಲ, ನಾಯಕನ ಸಂಬಳ ತಿನ್ನುತ್ತಿದ್ದ ಕೆಲವರೇ ಒಳಗಿಂದೊಳಗೆ ವೈರಿಯ ಕಡೆ ಸೇರಿದರು. ದುರ್ಗ ಬಿತ್ತು. ಮದಕರಿಯನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು. ಅವನು ಸೆರೆಯಲ್ಲೇ ಸತ್ತನು. ಸಾವಿರಾರು ಬೇಡರ ಕುಟುಂಬಗಳನ್ನೂ ಊರು ಬಿಡಿಸಿ ಅಲ್ಲಿಗೇ ಸಾಗಿಸಿದರು. ನಮ್ಮಂಥ ಹುಡುಗರನ್ನು ಹೈದರನ ಸೈನ್ಯಕ್ಕೆ ಸೇರಿಸಿಕೊಂಡರು. ನನಗೆ ಇದನ್ನು ಓದಿದಾಗ ಭಾಳ ಸಂಕಟ ಆತು.

ಮುಂದೆ ತ.ರಾ.ಸು. ಅವರು ಇವನ ಮೇಲೆ 'ದುರ್ಗಾಸ್ತಮಾನ' ಎಂಬ ದೊಡ್ಡ ಕಾದಂಬರಿ ಬರೆದರು. ಅದಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಗೆಳೆಯರೇ, ಸಣ್ಣ ಕಿಂಡಿಯನ್ನು ಒಬ್ಬ ಹೆಣ್ಣುಮಗಳು ಕಾಯ್ದಳು. ದೊಡ್ಡ ದೊಡ್ಡ ಬಾಗಿಲುಗಳನ್ನು ನಂಬಿದವರೇ ಬಿಟ್ಟುಕೊಟ್ಟರು. ಕೋಟೆ ಅಂದ್ರೆ ಬರೇ ಕಲ್ಲಲ್ಲ, ಒಳಗಿರೋ ಮಂದಿ. ನೀವು ದುರ್ಗಕ್ಕೆ ಹೋದಾಗ ಕಲ್ಲಿನ ಮೇಲೆ ಹೆಸರು ಕೆತ್ತಬ್ಯಾಡ್ರಿ. ಅಷ್ಟು ಕಾಯೋದು ನಮ್ಮ ಕೈಯಾಗೂ ಐತಿ.

– ಏಳನೇ ತರಗತಿ, ಹಲಗೇರಿ