ಚಿತ್ರ ಬರೆದು ಕಲಿಸಿದ ವೈದ್ಯ: ಅಬುಲ್ ಕಾಸಿಂ ಅಲ್ ಝಹ್ರಾವಿ



ಕಬಡ್ಡಿ ಅಂಕಣದಲ್ಲೋ ಫುಟ್ಬಾಲ್ ಮೈದಾನದಲ್ಲೋ ಬಿದ್ದು ಭುಜದ ಕೀಲು ತಪ್ಪಿದವರನ್ನು ನೀವು ನೋಡಿರಬಹುದು. ಒಮ್ಮೆ ತಪ್ಪಿದ ಕೀಲು ಕೆಲವರಿಗೆ ಮತ್ತೆ ಮತ್ತೆ ತಪ್ಪುತ್ತದೆ. ಕೈ ಎತ್ತಿದರೆ ಎಲ್ಲಿ ಜಾರುವುದೋ ಎಂಬ ಭಯದಿಂದ ಆಟವನ್ನೇ ಬಿಟ್ಟವರೂ ಇದ್ದಾರೆ. ಪ್ರಾಚೀನ ಗ್ರೀಸಿನ ಕ್ರೀಡಾಪಟುಗಳಿಗೂ ಇದೇ ತೊಂದರೆಯಿತ್ತು. ಹಿಪೊಕ್ರೆಟಿಸ್‌ನ ಹೆಸರಿನಲ್ಲಿರುವ ಗ್ರಂಥಗಳಲ್ಲಿ ಅದರ ಚಿಕಿತ್ಸೆ ಹೇಳಲಾಗಿದೆ. ಗ್ರೀಕರ ಆ ವಿದ್ಯೆಯನ್ನು ಅರಗಿಸಿಕೊಂಡು, ತನ್ನ ಅನುಭವವನ್ನೂ ಸೇರಿಸಿ, ಚಿತ್ರಗಳ ಸಮೇತ ಮುಂದಿನವರಿಗೆ ದಾಟಿಸಿದವರು ಅಲ್ ಝಹ್ರಾವಿ.

ಅವರು ಹುಟ್ಟಿದ್ದು ಸುಮಾರು ಕ್ರಿ.ಶ. 936ರಲ್ಲಿ, ಸ್ಪೇನಿನ ಕುರ್ತುಬಾ (ಕಾರ್ಡೋಬಾ) ನಗರದ ಬಳಿಯ ಮದೀನತುಝ್ಝಹ್ರಾದಲ್ಲಿ. ಝಹ್ರಾವಿ ಎಂಬ ಹೆಸರು ಬಂದದ್ದು ಆ ಊರಿನಿಂದಲೇ. ದೀರ್ಘಕಾಲ ವೈದ್ಯವೃತ್ತಿ ಮಾಡಿ, ಸುಮಾರು 1000ದ ಹೊತ್ತಿಗೆ 'ಅತ್ತಸ್ರೀಫ್' ಎಂಬ 30 ಭಾಗಗಳ ಬೃಹತ್ ಗ್ರಂಥವನ್ನು ಪೂರೈಸಿದರು. ಅದರ ಕೊನೆಯ ಭಾಗ ಶಸ್ತ್ರಚಿಕಿತ್ಸೆಗೆ ಮೀಸಲು.

ಅಂಗರಚನೆ ತಿಳಿಯದವರು ಕತ್ತಿ ಹಿಡಿದು ರೋಗಿಗಳ ಪ್ರಾಣಕ್ಕೆ ಎರವಾಗುತ್ತಿದ್ದುದನ್ನು ಅವರು ಕಂಡಿದ್ದರು. ಮಾತಿನಲ್ಲಿ ವಿವರಿಸಿದರೆ ಸಾಲದು, ಶಿಷ್ಯನ ಕಣ್ಣಿಗೆ ಕಾಣಬೇಕು ಎಂಬುದು ಅವರ ನಿಲುವಾಗಿತ್ತು. ಆದ್ದರಿಂದ ಸುಮಾರು 200 ಉಪಕರಣಗಳ ಚಿತ್ರಗಳನ್ನು ಗ್ರಂಥದಲ್ಲಿ ಕೊಟ್ಟರು. ಯಾವುದರ ತುದಿ ಬಾಗಿರಬೇಕು, ಯಾವುದಕ್ಕೆ ಎಷ್ಟು ಹಲ್ಲು ಎಂಬುದು ಆ ಗೆರೆಗಳಲ್ಲಿದೆ. ಶಿಷ್ಯರನ್ನು ಅವರು ಮಕ್ಕಳೆಂದೇ ಸಂಬೋಧಿಸುತ್ತಾರೆ.

ಪದೇ ಪದೇ ತಪ್ಪುವ ಭುಜದ ವಿಷಯವನ್ನೇ ನೋಡಿ. ಮೊದಲು ಕೀಲನ್ನು ಸ್ಥಾನಕ್ಕೆ ಕೂರಿಸಿ, ಕಂಕುಳಿನ ಚರ್ಮವನ್ನು ಬೆರಳಿನಿಂದ ಎತ್ತಿ ಹಿಡಿದು, ಕಾಯಿಸಿದ ಕವಲುಗಬ್ಬಿಣದಿಂದ ಬರೆ ಹಾಕಬೇಕೆಂದು ಅವರು ಬರೆದರು. ಗಾಯ ಮಾಯ್ದಾಗ ಆ ಜಾಗ ಬಿಗಿಯಾಗಿ ಕೀಲು ನಿಲ್ಲಲಿ ಎಂಬುದು ಇದರ ಉದ್ದೇಶ. ಆ ಕಬ್ಬಿಣದ ಚಿತ್ರವನ್ನೂ ಕೊಟ್ಟರು. ಇಂದು ಯಾರೂ ಹೀಗೆ ಬರೆ ಹಾಕುವುದಿಲ್ಲ, ಹಾಕಲೂಬಾರದು. ಆದರೆ ಸಡಿಲವಾದದ್ದನ್ನು ಬಿಗಿ ಮಾಡಬೇಕೆಂಬ ಗುರಿ ಇಂದಿನ ಶಸ್ತ್ರಚಿಕಿತ್ಸೆಯಲ್ಲೂ ಉಳಿದಿದೆ.

ಮುರಿದ ಮೂಳೆಗಳ ಬಗ್ಗೆಯೂ ಅವರ ಮಾತು ಎಚ್ಚರಿಕೆಯದು. ಊತವಿದ್ದರೆ ಅವಸರದಿಂದ ಬಿಗಿಯಾಗಿ ದಬ್ಬೆ ಕಟ್ಟಬಾರದು. ಗಿರಣಿಯ ಹಿಟ್ಟಿನ ಧೂಳನ್ನು ಮೊಟ್ಟೆಯ ಬಿಳಿಯೊಂದಿಗೆ ಕಲಸಿ ಹಚ್ಚಬಹುದು. ಸೊಟ್ಟಗೆ ಕೂಡಿದ ಮೂಳೆಯನ್ನು ಮತ್ತೆ ಮುರಿಯುವ ಅರೆಬರೆ ವೈದ್ಯರನ್ನು ಅವರು ಖಂಡಿಸಿದರು.

ಸುಮಾರು 1013ರಲ್ಲಿ ಅಲ್ ಝಹ್ರಾವಿ ತೀರಿಕೊಂಡರು. ಅದೇ ವರ್ಷಗಳ ಅಂತರ್ಯುದ್ಧದಲ್ಲಿ ಅವರ ಊರೂ ಲೂಟಿಯಾಗಿ ಹಾಳಾಯಿತು. ಅರಮನೆಗಳು ಉರುಳಿದವು, ಗ್ರಂಥ ಉಳಿಯಿತು. 12ನೇ ಶತಮಾನದಲ್ಲಿ ಟೊಲೆಡೊ ನಗರದಲ್ಲಿ ಕ್ರೆಮೊನಾದ ಜೆರಾರ್ಡ್ ಅದರ ಶಸ್ತ್ರಚಿಕಿತ್ಸಾ ಭಾಗವನ್ನು ಲ್ಯಾಟಿನ್‌ಗೆ ತಂದರು. 1497ರಲ್ಲಿ ವೆನಿಸ್‌ನಲ್ಲಿ ಅದು ಅಚ್ಚಾಯಿತು. ಶತಮಾನಗಳ ಕಾಲ ಯುರೋಪಿನ ವೈದ್ಯರು ಅದನ್ನು ಓದಿದರು. ಅತ್ತ ತುರ್ಕಿಯ ಅಮಾಸ್ಯದಲ್ಲಿ ಶರಫುದ್ದೀನ್ ಸಾಬುನ್‌ಜುಒಗ್ಲು ಎಂಬ ವೈದ್ಯ 1465ರಲ್ಲಿ ಇದನ್ನೇ ಆಧರಿಸಿ ತುರ್ಕಿ ಭಾಷೆಯಲ್ಲಿ ಗ್ರಂಥ ಬರೆದರು. ಅವರು ಒಂದು ಹೆಜ್ಜೆ ಮುಂದೆ ಹೋಗಿ, ರೋಗಿಯನ್ನು ಹೇಗೆ ಕೂರಿಸಬೇಕು, ವೈದ್ಯನ ಕೈ ಎಲ್ಲಿರಬೇಕು ಎಂಬುದನ್ನೂ ಬಣ್ಣದ ಚಿತ್ರಗಳಲ್ಲಿ ತೋರಿಸಿದರು.

ನಮ್ಮವರು ಎಲ್ಲವನ್ನೂ ಮೊದಲೇ ಕಂಡುಹಿಡಿದಿದ್ದರು ಎಂದು ಬೀಗಲು ಈ ಕಥೆ ಹೇಳುತ್ತಿಲ್ಲ. ಗ್ರೀಕರಿಂದ ಕಲಿಯಲು ಝಹ್ರಾವಿ ಹಿಂಜರಿಯಲಿಲ್ಲ, ಅವರಿಂದ ಕಲಿಯಲು ಯುರೋಪ್ ಹಿಂಜರಿಯಲಿಲ್ಲ. ಇಲ್ಮ್ ಬೆಳೆಯುವುದು ಹಾಗೆ.

ವಿದ್ಯಾರ್ಥಿ ಮಿತ್ರರೇ, ಸೈನ್ಸ್ ತೆಗೆದುಕೊಂಡ ಮೇಲೆ ಚಿತ್ರ ಬರೆಯುವುದು ಕಾಲಹರಣ ಎಂದು ನಿಮಗೆ ಮನೆಯಲ್ಲಿ ಯಾರಾದರೂ ಹೇಳಿರಬಹುದು. ಗೌರವದಿಂದಲೇ ಅವರಿಗೆ ಈ ವೈದ್ಯರ ಕಥೆ ಹೇಳಿ. ನಾಳೆ ಮೈದಾನದಲ್ಲಿ ಬಿದ್ದ ಹುಡುಗನೊಬ್ಬ ನಿಮ್ಮ ಮುಂದೆ ನೋವಿನಿಂದ ಕುಳಿತಾಗ, ಅವನ ಕೀಲಿನಲ್ಲಿ ಏನಾಗಿದೆ ಎಂದು ಕಾಗದದ ಮೇಲೆ ನಾಲ್ಕು ಗೆರೆ ಎಳೆದು ತೋರಿಸಿ. ಅವನ ಅರ್ಧ ಭಯ ಅಲ್ಲೇ ಇಳಿಯುತ್ತದೆ.